ಮಳೆ ಅದೇ, ಹೂಳು ಹೆಚ್ಚು: ಸಂಡೂರು ಗುಡ್ಡಗಳ ಮಣ್ಣಿನ ಪಾಠ

ಕಂಪ್ಲಿಯ ಹೊಳೆದಂಡೆಯಲ್ಲಿ ಬೆಳೆದವರಿಗೆ ಕೆಂಪು ನೀರು ಹೊಸದಲ್ಲ. ಮುಂಗಾರು ಹಿಡಿದರೆ ತುಂಗಭದ್ರೆಗೆ ಹೊಸನೀರು ಬರುತ್ತದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ, ಮರುದಿನದ ಪತ್ರಿಕೆಯಲ್ಲಿ ಕ್ಯೂಸೆಕ್ ಲೆಕ್ಕ ಇರುತ್ತದೆ. ನೀರಿನ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ನೀರು ಹೊತ್ತು ತರುವ ಮಣ್ಣಿನ ಲೆಕ್ಕ ಕೇಳುವವರು ಕಡಿಮೆ. ಈ ಲೇಖನ ಆ ಮಣ್ಣನ್ನು ಕುರಿತದ್ದು. ಗುಡ್ಡದಿಂದ ಅದು ಹೇಗೆ ಕಳಚುತ್ತದೆ, ಗುಡ್ಡದ ಮೇಲೆ ಕಾಡಿದ್ದಾಗ ಒಂದು ರೀತಿ, ಹೊಲವಿದ್ದಾಗ ಇನ್ನೊಂದು ರೀತಿ, ಗಣಿ ಬಂದಾಗ ಮತ್ತೊಂದು ರೀತಿ ಆಗುವುದು ಯಾಕೆ ಎಂಬುದನ್ನು ಮೊದಲಿನಿಂದ ನೋಡೋಣ. ಲೆಕ್ಕ ಬರುತ್ತದೆ, ಆದರೆ ಗುಣಾಕಾರದಿಂದ ಮುಂದಕ್ಕೆ ಹೋಗುವುದಿಲ್ಲ.

ಮೊದಲು ಜಲಾನಯನ. ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ, ದರೋಜಿ ಕೆರೆಯ ಏರಿ ಅನ್ನೋಣ. ಎಲ್ಲೆಲ್ಲಿ ಬಿದ್ದ ಮಳೆ ಹರಿದು ಅಲ್ಲಿಗೆ ಬಂದು ಸೇರುತ್ತದೋ ಅಷ್ಟೂ ನೆಲ ಆ ಕೆರೆಯ ಜಲಾನಯನ. ದರೋಜಿಗೆ ನೀರು ತರುವುದು ನರಿಹಳ್ಳ. ಅದು ಸಂಡೂರಿನ ಗುಡ್ಡಗಳ ಹಳ್ಳಕೊಳ್ಳಗಳನ್ನು ಕೂಡಿಸಿಕೊಂಡು, ಓಬಳಗಂಡಿ ಮತ್ತು ಭೀಮಗಂಡಿ ಎಂಬ ಎರಡು ಕಿರಿದಾದ ಕಣಿವೆಗಳಲ್ಲಿ ಗುಡ್ಡಸಾಲನ್ನು ಸೀಳಿಕೊಂಡು, ತಾರಾನಗರದ ಬಳಿಯ ನರಿಹಳ್ಳ ಜಲಾಶಯಕ್ಕೂ ಅಲ್ಲಿಂದ ಕೆಳಗೆ ದರೋಜಿಗೂ ಬರುತ್ತದೆ. ಸಂಡೂರು ಗುಡ್ಡದ ತಲೆಯ ಮೇಲೆ ಏನು ನಡೆದರೂ ಅದರ ಸುದ್ದಿ ಈ ಹಳ್ಳದ ನೀರಿನಲ್ಲಿ ಕೆಳಗಿಳಿಯುತ್ತದೆ. ಜಲಾನಯನವನ್ನು ಒಂದೇ ಘಟಕವಾಗಿ ನೋಡುವುದು ಇದಕ್ಕಾಗಿ. ಮೇಲಿನವರು ನೆಲ ಬಳಸುವ ರೀತಿಯ ಫಲ ಕೆಳಗಿನವರ ಕೆರೆಯಲ್ಲಿ ಕೂರುತ್ತದೆ.

ಇನ್ನು ಮಳೆಹನಿ. ಮಣ್ಣು ಕೊಚ್ಚುವುದು ಹರಿಯುವ ನೀರು ಅಂತ ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಕೆಲಸ ಶುರುವಾಗುವುದು ಹನಿ ನೆಲಕ್ಕೆ ಬಡಿದ ಕ್ಷಣದಲ್ಲಿ. ಐದು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬೀಳುತ್ತದೆ. ಬೋಳು ನೆಲಕ್ಕೆ ಬಡಿದಾಗ ಮಣ್ಣಿನ ಹೆಂಟೆ ಒಡೆದು ಕಣಗಳು ಸುತ್ತ ಚಿಮ್ಮುತ್ತವೆ. ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಒಂದೆರಡು ಅಡಿ ಎತ್ತರಕ್ಕೆ ಕೆಂಪು ಪಟ್ಟಿ ಮೂಡಿರುತ್ತದಲ್ಲ, ಅದು ಈ ಚಿಮ್ಮುವಿಕೆಯ ದಾಖಲೆ. ಒಡೆದ ನುಣ್ಣನೆಯ ಕಣಗಳು ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ತೆಳುವಾದ ಗಟ್ಟಿ ಪದರ ಕಟ್ಟುತ್ತದೆ. ಆಮೇಲೆ ಬಿದ್ದ ಮಳೆ ಇಂಗಲು ದಾರಿ ಕಾಣದೆ ಮೇಲೆ ಹರಿಯತೊಡಗುತ್ತದೆ.

ಹರಿವು ಮೊದಲು ಹಾಳೆಯ ಹಾಗೆ ತೆಳ್ಳಗೆ, ಎಲ್ಲ ಕಡೆಯಿಂದಲೂ. ಈ ಹಂತದಲ್ಲಿ ಹೋಗುವ ಮಣ್ಣು ಕಣ್ಣಿಗೆ ಕಾಣುವುದಿಲ್ಲ. ಒಂದು ಎಕರೆಯ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ಪದರ ಹೋದರೂ ಅದು ಹತ್ತಿರ ಹತ್ತಿರ ಐದು ಟನ್. ಯಾವ ರೈತನೂ ಒಂದು ಮಿಲಿಮೀಟರನ್ನು ಗುರುತಿಸಲಾರ. ಮುಂದೆ ನೀರು ತಗ್ಗು ಹುಡುಕಿಕೊಂಡು ಬೆರಳಗಲದ ಗೀರುಗಳನ್ನು ಮಾಡುತ್ತದೆ. ಕುಂಟೆ ಹೊಡೆದರೆ ಅವು ಮುಚ್ಚಿಹೋಗುತ್ತವೆ, ಆದ್ದರಿಂದ ಅವೂ ಮರೆತುಹೋಗುತ್ತವೆ. ಗೀರುಗಳು ಕೂಡಿ ಆಳವಾಗಿ ಎತ್ತು ದಾಟಲಾರದ ಕೊರಕಲು ಆದಾಗ ಮಾತ್ರ ನಮಗೆ ಎಚ್ಚರವಾಗುತ್ತದೆ. ಆ ಹೊತ್ತಿಗೆ ನಷ್ಟದ ದೊಡ್ಡ ಪಾಲು ಆಗಿ ಮುಗಿದಿರುತ್ತದೆ.

ಇದಕ್ಕೆ ಕಾಡು ಏನು ಮಾಡುತ್ತದೆ? ಹೊಸಬರು ಸಾಮಾನ್ಯವಾಗಿ ಕೊಡುವ ಉತ್ತರ, ಮರದ ಎಲೆಗಳು ಹನಿಯನ್ನು ತಡೆಯುತ್ತವೆ ಎಂದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಎತ್ತರದ ಮರದ ಎಲೆಯಿಂದ ತೊಟ್ಟಿಕ್ಕುವ ಹನಿ ಆಕಾಶದ ಹನಿಗಿಂತ ದಪ್ಪಗಿರಬಹುದು. ಎಂಟು ಹತ್ತು ಮೀಟರ್ ಎತ್ತರದಿಂದ ಬಿದ್ದರೆ ಅದು ಮತ್ತೆ ಹೆಚ್ಚುಕಡಿಮೆ ಪೂರ್ತಿ ವೇಗ ಪಡೆದುಕೊಳ್ಳುತ್ತದೆ. ಅಂದರೆ ಮರದ ಕೆಳಗೆ ನೆಲ ಬೋಳಾಗಿದ್ದರೆ ಮರವೊಂದೇ ಮಣ್ಣನ್ನು ಉಳಿಸಲಾರದು. ಉಳಿಸುವುದು ನೆಲದ ಮೇಲಿನ ತರಗೆಲೆ, ಹುಲ್ಲು, ಕುರುಚಲು ಗಿಡ; ನೆಲದೊಳಗಿನ ಬೇರು, ಗೆದ್ದಲು ಮತ್ತು ಎರೆಹುಳುಗಳು ಕೊರೆದ ದಾರಿಗಳು. ತರಗೆಲೆಗೆ ಬೆಂಕಿ ಬಿದ್ದ ಕಾಡು, ದನ ಕುರಿ ಮೇಯ್ದು ನೆಲ ಗಟ್ಟಿಯಾದ ಕಾಡು, ಸಾಲಾಗಿ ನೆಟ್ಟು ಕೆಳಗೆ ಹುಲ್ಲೂ ಹುಟ್ಟದ ನೆಡುತೋಪು, ಇವೆಲ್ಲ ದೂರದಿಂದ ಹಸಿರಾಗಿಯೇ ಕಾಣುತ್ತವೆ. ಮಣ್ಣಿಗೆ ಆ ಹಸಿರಿನಿಂದ ಆಗುವ ಉಪಕಾರ ಕಡಿಮೆ. ಸಂಡೂರು ಸುತ್ತಿನಂಥ ಎಲೆಯುದುರುವ ಒಣಕಾಡಿಗಂತೂ ಇದು ಮುಖ್ಯ. ಮೇ ತಿಂಗಳ ಗುಡುಗು ಮಳೆ ಬರುವಾಗ ಮರಗಳಲ್ಲಿ ಎಲೆಯೇ ಇರುವುದಿಲ್ಲ, ನೆಲವನ್ನು ಕಾಯಬೇಕಾದದ್ದು ಉದುರಿದ ತರಗು ಮತ್ತು ಒಣಹುಲ್ಲು ಮಾತ್ರ.

ಈ ಸಂಗತಿಗಳನ್ನೆಲ್ಲ ಒಂದು ಲೆಕ್ಕಕ್ಕೆ ತಂದವರು ಅಮೆರಿಕದ ವಿಶ್ಮೈಯರ್ ಮತ್ತು ಸ್ಮಿತ್. 1965ರಲ್ಲಿ ಮೊದಲು, 1978ರಲ್ಲಿ ತಿದ್ದಿ ಪ್ರಕಟಿಸಿದ ಅವರ ಸೂತ್ರವನ್ನು ಇಂದಿಗೂ ಜಗತ್ತಿನೆಲ್ಲೆಡೆ ಬಳಸುತ್ತಾರೆ. ವರ್ಷಕ್ಕೆ ಹೆಕ್ಟೇರಿಗೆ ಎಷ್ಟು ಟನ್ ಮಣ್ಣು ಹೋಗುತ್ತದೆ ಎಂಬುದಕ್ಕೆ ಅವರು ಐದು ಅಂಶಗಳನ್ನು ಗುಣಿಸುತ್ತಾರೆ: ಮಳೆಯ ಹೊಡೆತ, ಮಣ್ಣು ಕಳಚುವ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ನೆಲದ ಹೊದಿಕೆ, ರೈತ ಮಾಡಿದ ರಕ್ಷಣೆಯ ಕೆಲಸ. ಕೂಡುವುದಲ್ಲ, ಗುಣಿಸುವುದು ಎಂಬುದನ್ನು ಗಮನಿಸಿ. ಐದರಲ್ಲಿ ಒಂದು ನೂರು ಪಟ್ಟಾದರೆ ಫಲವೂ ನೂರು ಪಟ್ಟು.

ಈಗ ಐದನ್ನೂ ಒಂದು ಗುಡ್ಡದ ಮೇಲಿಟ್ಟು ನೋಡಿ. ಮಳೆ ನಮ್ಮ ಕೈಯಲ್ಲಿಲ್ಲ. ಮಣ್ಣಿನ ಗುಣ ಬದಲಾಗುವುದು ನಿಧಾನ. ಇಳಿಜಾರು ಗುಡ್ಡ ಹುಟ್ಟಿದಾಗಿನಿಂದ ಇದೆ. ಹೊದಿಕೆ ಮಾತ್ರ ಒಂದು ವರ್ಷದಲ್ಲಿ, ಕೆಲವೊಮ್ಮೆ ಒಂದು ವಾರದಲ್ಲಿ ಬದಲಾಗಬಲ್ಲದು. ಅದರ ಅಂಕಿಯ ಹರವೂ ದೊಡ್ಡದು. ಉತ್ತು ಬರಿದಾಗಿ ಬಿಟ್ಟ ನೆಲಕ್ಕೆ 1 ಎಂದಿಟ್ಟರೆ, ಸಾಲು ಬೆಳೆಯ ಹೊಲಕ್ಕೆ ಸುಮಾರು 0.2ರಿಂದ 0.5, ತರಗೆಲೆ ತುಂಬಿದ ಒಳ್ಳೆಯ ಕಾಡಿಗೆ 0.001ರಿಂದ 0.003ರ ಆಸುಪಾಸು. ಅದೇ ಗುಡ್ಡ, ಅದೇ ಮಳೆ, ಅದೇ ಇಳಿಜಾರು. ಕಾಡು ಹೋಗಿ ಬೋಳಾದರೆ ಮಣ್ಣಿನ ನಷ್ಟ ಹಲವು ನೂರು ಪಟ್ಟು ಏರಬಹುದು. ನೆಲದ ಬಳಕೆ ಬದಲಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಸೂತ್ರ ಕೊಡುವ ಉತ್ತರ ಇದು.

ಮಳೆಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಬಳ್ಳಾರಿಯ ವಾರ್ಷಿಕ ಮಳೆ ಸುಮಾರು 500 ಮಿಲಿಮೀಟರ್, ಸಂಡೂರಿನದು ಅದಕ್ಕಿಂತ ಹೆಚ್ಚು, ಆದರೂ ಮಲೆನಾಡಿನ ಮುಂದೆ ಏನೂ ಅಲ್ಲ. ‘ಬರಗಾಲದ ಸೀಮೆಯಲ್ಲಿ ಕೊಚ್ಚಿಹೋಗಲು ಮಳೆ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಮಣ್ಣಿಗೆ ಬೇಕಾದದ್ದು ವರ್ಷದ ಮೊತ್ತವಲ್ಲ, ಅರ್ಧ ಗಂಟೆಯ ರಭಸ. ಮೇಲಿನ ಸೂತ್ರವೂ ಮಳೆಯ ಹೊಡೆತವನ್ನು ಅಳೆಯುವುದು ಅತಿ ಜೋರಾಗಿ ಸುರಿದ 30 ನಿಮಿಷಗಳ ವೇಗದಿಂದ. ನಮ್ಮ ಸೀಮೆಯ ಮಳೆ ಜಿಟಿಜಿಟಿ ಮಳೆಯಲ್ಲ. ಗುಡುಗಿ ಬಂದು, ಒಂದು ಗಂಟೆಯೊಳಗೆ ಸುರಿದು ಹೋಗುವಂಥದ್ದು. ಅಂಥ ಮಳೆಯಲ್ಲಿ 50 ಮಿಲಿಮೀಟರ್ ಬಿದ್ದರೆ ಎಕರೆಗೆ ಎರಡು ಲಕ್ಷ ಲೀಟರ್ ನೀರು. ಅದು ಬೀಳುವುದೂ ಬಿಸಿಲಿಗೆ ಹುಲ್ಲೆಲ್ಲ ಒಣಗಿ ಪುಡಿಯಾದ ನೆಲದ ಮೇಲೆ. ವರ್ಷದ ಸವಕಳಿಯ ಬಹುಪಾಲು ಇಂಥ ಕೆಲವೇ ಮಳೆಗಳಲ್ಲಿ ಮುಗಿದುಹೋಗುತ್ತದೆ. ಕಡಿಮೆ ಮಳೆಯ ಸೀಮೆಗೆ ಸವಕಳಿಯ ಭಯವಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಈಗ ಸಂಡೂರಿಗೆ ಬರೋಣ. ಇಲ್ಲಿನ ಗುಡ್ಡಗಳ ಕಬ್ಬಿಣದ ಪಟ್ಟೆಶಿಲೆ ಸುಮಾರು 270 ಕೋಟಿ ವರ್ಷ ಹಳೆಯದು. ಕುಮಾರಸ್ವಾಮಿ, ದೋಣಿಮಲೈ, ರಾಮಗಡ, ದೇವಗಿರಿ ಎಂದು ಹೆಸರು ಹೇಳುತ್ತ ಹೋದರೆ ಅದು ಗುಡ್ಡಗಳ ಪಟ್ಟಿಯೂ ಹೌದು, ಅದಿರಿನ ಪಟ್ಟಿಯೂ ಹೌದು. ಗಟ್ಟಿ ಅದಿರಿನ ತಲೆಯ ಮೇಲೆ ತೆಳುವಾದ ಕೆಂಪು ಮಣ್ಣು, ಅದನ್ನು ಹಿಡಿದುಕೊಂಡ ಒಣಕಾಡು. ಗಣಿಗಾರಿಕೆ ಹಿಂದಿನಿಂದಲೂ ಇತ್ತು. ಸಂಡೂರು ಮ್ಯಾಂಗನೀಸ್ ಕಂಪನಿ 1954ರದು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಅದು ನುಗ್ಗಾಟವಾಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ, ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದ ಅರ್ಜಿ, 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು, ಈ ಕಥೆ ಗೊತ್ತಿರುವಂಥದ್ದೇ. ರಾಜಕೀಯದ ಗದ್ದಲದಲ್ಲಿ ಮಣ್ಣಿನ ಕಥೆ ಮಾತ್ರ ಹಿಂದೆ ಸರಿಯಿತು.

ಗಣಿ ತೆರೆದಾಗ ಗುಡ್ಡದ ಮೇಲೆ ನೆಲದ ಬಳಕೆ ಒಂದೇ ಸಲ ಮೂರು ರೀತಿ ಬದಲಾಗುತ್ತದೆ. ಅಗೆದ ಗುಂಡಿ ಮೊದಲನೆಯದು. ಮಣ್ಣಿನ ದೃಷ್ಟಿಯಿಂದ ಇದೇ ಕಡಿಮೆ ಅಪಾಯದ್ದು, ಯಾಕೆಂದರೆ ಗುಂಡಿಯೊಳಗೆ ಬಿದ್ದ ನೀರು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಎರಡನೆಯದು ಅದಿರಲ್ಲದ ಮಣ್ಣು ಕಲ್ಲನ್ನು ಸುರಿದ ಗುಡ್ಡೆ. ಟಿಪ್ಪರ್ ಇಳಿಜಾರಿನ ಅಂಚಿನಲ್ಲಿ ನಿಂತು ಹಿಂಬದಿ ಎತ್ತಿ ಸುರಿದರೆ ಆ ಸಡಿಲ ರಾಶಿ ತಾನು ನಿಲ್ಲಬಹುದಾದ ಅತಿ ಕಡಿದಾದ ಕೋನದಲ್ಲಿ ನಿಲ್ಲುತ್ತದೆ, ಸುಮಾರು 35 ಡಿಗ್ರಿ. ಬೇರಿಲ್ಲ, ತರಗಿಲ್ಲ, ಒಗ್ಗೂಡಿಸುವ ಜೀವಾಂಶವಿಲ್ಲ. ಸೂತ್ರದ ಐದು ಅಂಶಗಳಲ್ಲಿ ನಾಲ್ಕು ಒಟ್ಟಿಗೇ ಕೆಟ್ಟು ಕೂತ ಜಾಗ ಅದು. ಅಲ್ಲಿ ಹಾಳೆ ಹರಿವು, ಗೀರು, ಕೊರಕಲು ಎಂಬ ಕ್ರಮ ಒಂದೇ ಮಳೆಗಾಲದಲ್ಲಿ ಪೂರ್ತಿಯಾಗುತ್ತದೆ.

ಮೂರನೆಯದು ರಸ್ತೆ. ಇದನ್ನು ಹೊಸಬರು ಬಿಟ್ಟೇಬಿಡುತ್ತಾರೆ. ಗಣಿಗೆ ಹೋಗುವ ಕಚ್ಚಾ ರಸ್ತೆ ಟಿಪ್ಪರುಗಳ ಭಾರಕ್ಕೆ ಕಲ್ಲಿನಂತೆ ಗಟ್ಟಿಯಾಗಿ ಒಂದು ಹನಿಯನ್ನೂ ಇಂಗಿಸುವುದಿಲ್ಲ. ಮೇಲೆ ಬೆರಳುದ್ದ ಹಿಟ್ಟಿನಂಥ ಧೂಳು. ಅದು ಗುಡ್ಡವನ್ನು ಅಡ್ಡ ಕತ್ತರಿಸಿಕೊಂಡು ಹೋಗುವುದರಿಂದ ಮೇಲಿನಿಂದ ಹರಡಿಕೊಂಡು ಬರುತ್ತಿದ್ದ ನೀರನ್ನೆಲ್ಲ ಒಟ್ಟುಮಾಡಿ, ತಿರುವಿನಲ್ಲಿ ಒಂದೇ ಕಡೆ ಕೆಳಕ್ಕೆ ಬಿಡುತ್ತದೆ. ಹರಡಿದ್ದ ನೀರಿಗೆ ಬಲವಿಲ್ಲ. ಕೂಡಿದ ನೀರಿಗೆ ಇದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, ಸಿದ್ಧಾಂತದ ಲೆಕ್ಕದಲ್ಲಿ 64 ಪಟ್ಟು. ಗುಡ್ಡದ ನಕ್ಷೆಯಲ್ಲಿ ರಸ್ತೆ ಒಂದು ಗೆರೆ ಅಷ್ಟೇ. ಹಳ್ಳದ ನೀರಿನಲ್ಲಿ ಅದರ ಪಾಲು ಬಹಳ ದೊಡ್ಡದು.

ಚಿಕ್ಕ ಜಾಗ, ದೊಡ್ಡ ಹೂಳು ಎಂಬ ಈ ಮಾತಿಗೆ ನಮ್ಮದೇ ನದಿಯ ಇನ್ನೊಂದು ತುದಿಯಲ್ಲಿ ಒಳ್ಳೆಯ ಸಾಕ್ಷಿ ಇದೆ. ಭದ್ರೆಯ ನೆತ್ತಿಯಲ್ಲಿ ಕುದುರೆಮುಖ ಕಂಪನಿ ದಶಕಗಳ ಕಾಲ ಕಬ್ಬಿಣ ಅಗೆಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಯವರು ಅಲ್ಲಿ ಮಳೆಗಾಲದ ಹೊಳೆನೀರಿನ ಮಣ್ಣನ್ನು ಅಳೆದಿದ್ದರು. ಜಲಾನಯನದ ಬಹಳ ಚಿಕ್ಕ ಭಾಗವಾಗಿದ್ದ ಗಣಿ ಪ್ರದೇಶ ತನ್ನ ವಿಸ್ತಾರಕ್ಕೆ ಎಷ್ಟೋ ಮೀರಿದ ಪಾಲು ಹೂಳನ್ನು ಹೊಳೆಗೆ ಕೊಡುತ್ತಿತ್ತು. ಸುತ್ತ ನಿಂತ ಶೋಲಾ ಕಾಡು, ಹುಲ್ಲುಗಾವಲುಗಳ ಮೇಲೆ ಬೀಳುತ್ತಿದ್ದದ್ದೂ ಅದೇ ಮಳೆ. ‘ಜಿಲ್ಲೆಯ ಶೇಕಡಾ ಇಷ್ಟು ಭಾಗದಲ್ಲಿ ಮಾತ್ರ ಗಣಿ ಇದೆ’ ಎಂಬ ಸಮಾಧಾನದ ಮಾತು ಮುಂದೆ ಯಾವಾಗ ಕೇಳಿದರೂ ಇದನ್ನು ನೆನಪು ಮಾಡಿಕೊಳ್ಳಿ. ಸವಕಳಿ ಸರಾಸರಿಯಿಂದ ನಡೆಯುವುದಿಲ್ಲ.

ಕಳಚಿದ ಮಣ್ಣೆಲ್ಲ ಎಲ್ಲಿ ಹೋಗುತ್ತದೆ? ಮೊರದಲ್ಲಿ ಕೇರಿದ ಕಾಳಿನ ಹಾಗೆ ಹಳ್ಳವೂ ಭಾರವನ್ನು ಹತ್ತಿರ, ಹಗುರವನ್ನು ದೂರ ಇಡುತ್ತದೆ. ಕಲ್ಲು ಮರಳು ಗುಡ್ಡದ ಬುಡದಲ್ಲೇ ನಿಲ್ಲುತ್ತವೆ, ಹೊಲಕ್ಕೆ ನುಗ್ಗಿ ಪೈರನ್ನು ಮುಚ್ಚುತ್ತವೆ. ನುಣುಪು ಮಣ್ಣು ಕೆರೆಯವರೆಗೆ ಬರುತ್ತದೆ. ಅತಿ ನುಣುಪಾದ ಜೇಡಿ ನದಿಗೆ, ಅಲ್ಲಿಂದ ಮುಂದಕ್ಕೆ. ದೇಶದ ಮಟ್ಟಿಗೆ ಧ್ರುವ ನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಒಂದು ಅಂದಾಜು ಕೊಟ್ಟರು: ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಸ್ವಲ್ಪ ಹೆಚ್ಚು. ಅದರಲ್ಲಿ ಶೇಕಡಾ 29 ಸಮುದ್ರಕ್ಕೆ, 10 ಜಲಾಶಯಗಳಿಗೆ, ಮಿಕ್ಕ 61 ನೆಲದಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ. ಆ ಕೊನೆಯ ಅಂಕಿ ನನಗೆ ಮುಖ್ಯವಾಗಿ ಕಾಣುತ್ತದೆ. ಗಣಿ ಇವತ್ತು ನಿಂತರೂ ಹಳ್ಳದ ತಿರುವು, ಮಗ್ಗುಲುಗಳಲ್ಲಿ ಹಿಂದೆ ಕೂತ ಮಣ್ಣು ಹತ್ತಾರು ವರ್ಷ ಒಂದೊಂದು ಪ್ರವಾಹಕ್ಕೆ ಒಂದಿಷ್ಟು ಎಂದು ಇಳಿಯುತ್ತಲೇ ಇರುತ್ತದೆ. ‘ಗಣಿ ನಿಂತು ಮೂರು ವರ್ಷವಾಯಿತು, ಕೆರೆ ಇನ್ನೂ ಕೆಂಪು’ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ತುಂಗಭದ್ರಾ ಜಲಾಶಯದ ಹೂಳು ಸಂಡೂರು ಗಣಿಯದೇ? 1953ರಲ್ಲಿ ನೀರು ನಿಂತಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆ 100.85 ಎಂದಿತು, 2016ರದು 105.78 ಎಂದಿತು. ಹೂಳು ಕರಗಿ ಜಾಗ ಹೆಚ್ಚಾಯಿತೆಂದಲ್ಲ, ಅಳೆದ ವಿಧಾನ ಬೇರೆ. ಎರಡನೆಯದನ್ನೇ ಹಿಡಿದರೂ ಕಳೆದದ್ದು ಸುಮಾರು 27 ಟಿಎಂಸಿ, ಅಂದರೆ 75 ಕೋಟಿ ಘನ ಮೀಟರ್‌ಗೂ ಮೀರಿದ ಜಾಗ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ತೆಗೆಯಹೊರಟರೆ ಏಳೂವರೆ ಕೋಟಿ ಲೋಡು. ಹೂಳು ತೆಗೆಯುವ ಬದಲು ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ಹುಟ್ಟಿದ್ದು ಈ ಲೆಕ್ಕದಿಂದಲೇ.

ಆದರೆ ನಕ್ಷೆ ನೋಡಿ ಮಾತಾಡಬೇಕು. ಅಣೆಕಟ್ಟಿನ ಜಲಾನಯನ 28,180 ಚದರ ಕಿಲೋಮೀಟರ್. ಗಂಗಾಮೂಲದಿಂದ ಹಿಡಿದು ಶಿವಮೊಗ್ಗ, ದಾವಣಗೆರೆ, ಹಾವೇರಿಯ ಹೊಲಗಳವರೆಗೆ ತುಂಗೆ, ಭದ್ರೆ, ವರದಾ, ಕುಮುದ್ವತಿ ಎಲ್ಲ ಸೇರಿ ಅಷ್ಟು. ನರಿಹಳ್ಳ ಹರಿಯುವುದು ಅಣೆಕಟ್ಟಿನ ಕಡೆಗಲ್ಲ, ಪೂರ್ವಕ್ಕೆ ದರೋಜಿಯ ಕಡೆಗೆ. ಗುಡ್ಡಸಾಲಿನ ಪಶ್ಚಿಮ ಮಗ್ಗುಲಿನ ಹಳ್ಳಗಳಷ್ಟೇ ಹಿನ್ನೀರಿಗೆ ಇಳಿಯುತ್ತವೆ. ಹಾಗಾಗಿ ಜಲಾಶಯದ ಹೂಳಿಗೆಲ್ಲ ಸಂಡೂರನ್ನು ಹೊಣೆ ಮಾಡುವುದು ಭೂಗೋಳಕ್ಕೆ ವಿರುದ್ಧ. ಆ ಹೂಳಿನ ಬಹುಪಾಲು ಉತ್ತು ಬೆಳೆಯುವ ಸಾಮಾನ್ಯ ಹೊಲಗಳಿಂದಲೂ ನದಿದಂಡೆಗಳಿಂದಲೂ ಬಂದಿರಬೇಕು. ಸಂಡೂರು ಗಣಿಯ ಹೂಳನ್ನು ಹುಡುಕಬೇಕಾದದ್ದು ನರಿಹಳ್ಳ ಜಲಾಶಯದಲ್ಲಿ, ಗುಡ್ಡದ ಬುಡದ ಊರುಗಳ ಕೆರೆಗಳಲ್ಲಿ, ದರೋಜಿಯಲ್ಲಿ. ಆರೋಪವನ್ನು ಸರಿಯಾದ ಹಳ್ಳಕ್ಕೆ ಹೊರಿಸಿದರೆ ಮಾತ್ರ ಪರಿಹಾರವೂ ಸರಿಯಾದ ಹಳ್ಳಕ್ಕೆ ಸಿಗುತ್ತದೆ.

ಹೊಲದ ಮಾತು ಬಂದದ್ದರಿಂದ ಒಂದು ಸಂಗತಿ. ಗುಡ್ಡದ ಬುಡದ ಮಸಾರಿ ನೆಲದಲ್ಲಿ ಹುಲ್ಲುಬಯಲು ಹೋಗಿ ಮೆಕ್ಕೆಜೋಳ ಬಂದದ್ದೂ ನೆಲದ ಬಳಕೆಯ ಬದಲಾವಣೆಯೇ. ಅಗಲ ಸಾಲಿನ ಬೆಳೆ, ಬಿತ್ತಿ ತಿಂಗಳವರೆಗೂ ನೆಲ ಮುಚ್ಚುವುದಿಲ್ಲ. ಹುರುಳಿ, ಶೇಂಗಾ ಬೇಗ ಹಬ್ಬುತ್ತವೆ. ಕೂರಿಗೆಯನ್ನು ಇಳಿಜಾರಿನ ಉದ್ದಕ್ಕೆ ಹೊಡೆದರೆ ಪ್ರತಿ ಸಾಲೂ ಒಂದು ಕಾಲುವೆ. ಅಡ್ಡಕ್ಕೆ ಹೊಡೆದರೆ ಪ್ರತಿ ಸಾಲೂ ಒಂದು ಒಡ್ಡು. ಮಧ್ಯಮ ಇಳಿಜಾರಿನಲ್ಲಿ ಇಷ್ಟರಿಂದಲೇ ನಷ್ಟ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಎರೆ ಭೂಮಿಯ ಕಥೆ ಬೇರೆ. ಬಳ್ಳಾರಿಯಲ್ಲಿ 1954ರಿಂದ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಆಳವಾದ ಎರೆಯಲ್ಲಿ ಸಮಪಾತಳಿ ಒಡ್ಡು ಹಾಕಿದರೆ ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅದರ ಹಿಂದೆ ನೀರು ನಿಂತು ಪೈರು ಕೊಳೆಯುತ್ತದೆ. ಅಂಥ ನೆಲಕ್ಕೆ ನೀರು ಮೆಲ್ಲಗೆ ಹೊರಗೆ ಹರಿಯುವಂತೆ ಸ್ವಲ್ಪ ವಾಟ ಕೊಟ್ಟ ಒಡ್ಡೇ ಸರಿ ಎಂಬುದು ಇಂಥ ಕೇಂದ್ರಗಳ ಕೆಲಸದಿಂದ ಗಟ್ಟಿಯಾದ ಪಾಠ. ಮಸಾರಿಗೆ ಹೊಂದಿದ ಒಡ್ಡು ಎರೆಗೆ ಹೊಂದುವುದಿಲ್ಲ.

ಗಣಿಗುಡ್ಡಕ್ಕೂ ಮದ್ದು ಇಲ್ಲದಿಲ್ಲ. ಸುಪ್ರೀಂ ಕೋರ್ಟ್ 2012ರಿಂದ ಗಣಿಗಳನ್ನು ಹಂತಹಂತವಾಗಿ ಮತ್ತೆ ತೆರೆಯಲು ಬಿಟ್ಟಾಗ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು: ಸುರಿದ ಗುಡ್ಡೆಯನ್ನು ಮೆಟ್ಟಿಲು ಮಾಡುವುದು, ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತ ಕಾಲುವೆ, ಹೂಳು ತಂಗುವ ಗುಂಡಿ, ಕೊರಕಲುಗಳಿಗೆ ಕಲ್ಲಿನ ತಡೆ, ಇಳಿಜಾರಿಗೆ ತೆಂಗಿನ ನಾರಿನ ಜಾಲ ಹಾಸಿ ಹುಲ್ಲು ಬಿತ್ತುವುದು. ನನಗೆ ಇವುಗಳಲ್ಲಿ ಹೆಚ್ಚು ನಂಬಿಕೆ ಕೊನೆಯದರ ಮೇಲೆ. ಗೋಡೆ ಕಾಲುವೆಗಳು ಕಳಚಿದ ಮಣ್ಣನ್ನು ತಡೆಯುತ್ತವೆ, ಹುಲ್ಲು ಕಳಚುವುದನ್ನೇ ತಡೆಯುತ್ತದೆ. ಹೂಳಿನ ಗುಂಡಿ ತುಂಬಿದ ಮೇಲೆ ಯಾರೂ ಬಾಚದಿದ್ದರೆ ಅದು ಇದ್ದೂ ಇಲ್ಲ. ಬಳ್ಳಾರಿ ಜಿಲ್ಲೆಯ ಅದಿರಿಗೆ ಕೋರ್ಟು ಮೊದಲು ವರ್ಷಕ್ಕೆ 2.5 ಕೋಟಿ ಟನ್ ಮಿತಿ ಇಟ್ಟಿತ್ತು. 2022ರಲ್ಲಿ ಅದು 3.5 ಕೋಟಿಗೆ ಏರಿತು. ಅದಿರು ಹೆಚ್ಚಿದಷ್ಟೂ ಸುರಿಯುವ ಗುಡ್ಡೆಗಳೂ ಹೆಚ್ಚುತ್ತವೆ ಎಂಬುದಕ್ಕೆ ವಿಜ್ಞಾನ ಬೇಕಿಲ್ಲ.

ವಿಜಯನಗರದವರು ಹೂಳನ್ನು ಹೇಗೆ ಎದುರಿಸಿದರು ಎಂಬುದಕ್ಕೆ ಇಲ್ಲೇ ಎರಡು ಉದಾಹರಣೆ ಇವೆ. ಹಂಪಿಯ ತುರ್ತು ಕಾಲುವೆ, ಕಂಪ್ಲಿ, ರಾಮಸಾಗರ ಕಾಲುವೆಗಳಿಗೆ ನೀರು ತಿರುಗಿಸುವುದು ಹೊಳೆಗೆ ಅಡ್ಡ ಹಾಕಿದ ತಗ್ಗು ಕಲ್ಲಿನ ಕಟ್ಟೆ. ಅದು ನೀರು ಕೂಡಿಡುವುದಿಲ್ಲ, ಪ್ರವಾಹ ಬಂದರೆ ಮಣ್ಣು ಸಮೇತ ಮೇಲೆ ದಾಟಿಹೋಗುತ್ತದೆ. ಐನೂರು ವರ್ಷವಾದರೂ ಅವು ದುಡಿಯುತ್ತಿವೆ. ಕೃಷ್ಣದೇವರಾಯ ಹೊಸಪೇಟೆಯ ಬಳಿ ಎರಡು ಗುಡ್ಡಗಳ ನಡುವೆ ಭಾರಿ ಏರಿ ಹಾಕಿಸಿ ಕಟ್ಟಿಸಿದ ರಾಯರ ಕೆರೆಯನ್ನು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬೆರಗಿನಿಂದ ಬಣ್ಣಿಸಿದ್ದಾನೆ. ಅದು ನೀರು ಕೂಡಿಡುವ ಕೆರೆ. ಇಂದು ಅದರ ಅಂಗಳದಲ್ಲಿ ಹೊಲಗಳಿವೆ.

ಕಲಿಯುವವರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಈ ಮಳೆಗಾಲ ನಿಮ್ಮ ಸುತ್ತಿನ ಎರಡು ಮೂರು ಹಳ್ಳಗಳನ್ನು ಆರಿಸಿಕೊಳ್ಳಿ. ಒಂದು ಕಾಡಿನ ಕಡೆಯಿಂದ ಬರಲಿ, ಒಂದು ಹೊಲಗಳಿಂದ, ಸಾಧ್ಯವಾದರೆ ಒಂದು ಗಣಿರಸ್ತೆಯಿಂದ. ಒಂದೇ ಮಳೆಯ ದಿನ ಒಂದೇ ಅಳತೆಯ ಬಾಟಲಿಗಳಲ್ಲಿ ನೀರು ತುಂಬಿ, ದಿನಾಂಕ ಜಾಗ ಬರೆದು, ಎರಡು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಕೂತ ಮಣ್ಣನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ನೀರನ್ನು ಸೇತುವೆಯ ಮೇಲಿನಿಂದಲೋ ದಂಡೆಯಿಂದಲೋ ಹಗ್ಗ ಕಟ್ಟಿದ ಡಬ್ಬಿಯಲ್ಲಿ ತೆಗೆಯಿರಿ. ಹಳ್ಳ ಬಂದಿರುವಾಗ ಯಾರೂ ನೀರಿಗೆ ಇಳಿಯಬೇಡಿ.